ಅಣುಬಾಂಬು: ಕಲಿತವರು ಕೇಳಬೇಕಾದ ಪ್ರಶ್ನೆ



ನಮ್ಮ ಮೊರಬದಲ್ಲಿ ಮಗನೋ ಮಗಳೋ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದರೆ ಮನೆಯವರೂ ನೆರೆಯವರೂ ಹೇಳುವ ಮಾತು ಒಂದೇ: "ಸೈನ್ಸ್ ತಗೊಳ್ಳಲಿ." ಮಾತು ಒಳ್ಳೆಯದೇ. ನವಲಗುಂದಕ್ಕೋ ಧಾರವಾಡಕ್ಕೋ ಹುಬ್ಬಳ್ಳಿಗೋ ಬಸ್ಸು ಹತ್ತಿ ಹೋಗಿ ಓದುವ ನಮ್ಮ ಮಕ್ಕಳು ವಿಜ್ಞಾನದಲ್ಲಿ ಮುಂದೆ ಬರಬೇಕೆಂಬುದೇ ಎಲ್ಲರ ಆಸೆ. ಆದರೆ ಆ ವಿದ್ಯೆ ಯಾವುದಕ್ಕೆ ಬಳಕೆಯಾಗುತ್ತದೆ, ಯಾರಿಗೆ ಉಪಕಾರ, ಯಾರಿಗೆ ಅಪಾಯ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ತಡವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಅಣುಬಾಂಬಿಗಿಂತ ದೊಡ್ಡ ಉದಾಹರಣೆ ಇಲ್ಲ.

ಅದು ಅಮೆರಿಕ, ಜಪಾನಿನ ಕಥೆ, ನಮಗೇಕೆ ಎನ್ನಬೇಡಿ. ಆ ಕಥೆಯ ಒಂದು ಅಧ್ಯಾಯ ನಮ್ಮ ಕನ್ನಡ ನಾಡಿನಲ್ಲಿಯೇ ಇದೆ. 1974ರ ಮೇ 18ರಂದು ಬೆಳಿಗ್ಗೆ ರಾಜಸ್ಥಾನದ ಪೋಖರಣ್ ಮರುಭೂಮಿಯಲ್ಲಿ ನೆಲದ ಒಳಗೆ ಭಾರತದ ಮೊದಲ ಅಣುಸ್ಫೋಟ ನಡೆಯಿತು. ಅದರ ಹಿಂದಿದ್ದ ವಿಜ್ಞಾನಿಗಳ ತಂಡದ ಮುಂದಾಳು ಡಾ. ರಾಜಾ ರಾಮಣ್ಣ. ಅವರು 1925ರಲ್ಲಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ. ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇನ್ನೊಬ್ಬ ವಿಜ್ಞಾನಿ ಬೇರೊಂದು ಕೆಲಸಕ್ಕೆ ಕೈಹಾಕಿದರು. ಇಬ್ಬರ ಕಥೆಗೂ ಆಮೇಲೆ ಬರೋಣ. ಮೊದಲು ಈ ಬಾಂಬು ಹುಟ್ಟಿದ ಬಗೆ ತಿಳಿಯಬೇಕು.

ಹೆದರಿಕೆಯಿಂದ ಹುಟ್ಟಿದ ಅಸ್ತ್ರ

1938ರ ಡಿಸೆಂಬರಿನಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಒಟ್ಟೋ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಎಂಬ ವಿಜ್ಞಾನಿಗಳು ಯುರೇನಿಯಂ ಮೇಲೆ ನ್ಯೂಟ್ರಾನ್ ಕಣಗಳನ್ನು ಹಾಯಿಸಿ ಪ್ರಯೋಗ ಮಾಡುತ್ತಿದ್ದರು. ಯುರೇನಿಯಂ ಒಡೆದು ಬೇರಿಯಂ ಎಂಬ ಹಗುರ ಧಾತು ಸಿಕ್ಕಿತು. ಇದರ ಅರ್ಥವನ್ನು ಬಿಡಿಸಿ ಹೇಳಿದವರು ಲೀಸ್ ಮೈಟ್ನರ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಸೋದರಿಯ ಮಗ ಒಟ್ಟೋ ಫ್ರಿಶ್. ಮೈಟ್ನರ್ ಯಹೂದಿ ಮನೆತನದವರಾದ್ದರಿಂದ ಹಿಟ್ಲರನ ಜರ್ಮನಿಯನ್ನು ಬಿಟ್ಟು ಸ್ವೀಡನ್ನಿಗೆ ಹೋಗಿ ನೆಲೆಸಿದ್ದರು. ಅಣುವಿನ ಬೀಜ ಒಡೆದಾಗ ಅಪಾರ ಶಕ್ತಿ ಹೊರಬೀಳುತ್ತದೆ. ಜೊತೆಗೆ ಹೊಸ ನ್ಯೂಟ್ರಾನುಗಳು ಬಂದು ಪಕ್ಕದ ಅಣುಗಳನ್ನೂ ಒಡೆಯುತ್ತವೆ. ಒಂದು ಬಣವೆಗೆ ಹತ್ತಿದ ಬೆಂಕಿ ಇನ್ನೊಂದಕ್ಕೆ ಹಬ್ಬುವಂತೆ ಇದು ಹಬ್ಬುತ್ತದೆ. ಇದನ್ನೇ ಸರಪಳಿ ಕ್ರಿಯೆ ಎನ್ನುತ್ತಾರೆ.

ಇದೇ ವಿದ್ಯೆಯಿಂದ ಹಿಟ್ಲರ್ ಬಾಂಬು ಮಾಡಿದರೆ ಗತಿಯೇನು ಎಂಬ ಭಯ ಯುರೋಪಿನಿಂದ ಓಡಿಬಂದ ವಿಜ್ಞಾನಿಗಳನ್ನು ಕಾಡಿತು. ಹಂಗೇರಿಯ ಲಿಯೋ ಝಿಲಾರ್ಡ್ ಮುಂದೆ ನಿಂತು ಕರಡು ಸಿದ್ಧಪಡಿಸಿದ ಪತ್ರಕ್ಕೆ 1939ರ ಆಗಸ್ಟ್ 2ರ ದಿನಾಂಕ ಹಾಕಿ ಆಲ್ಬರ್ಟ್ ಐನ್‌ಸ್ಟೈನ್ ಸಹಿ ಮಾಡಿದರು. ಪತ್ರ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ತಲುಪಿತು. 1942ರಲ್ಲಿ ಮ್ಯಾನ್‌ಹಟನ್ ಯೋಜನೆ ಪೂರ್ಣ ಪ್ರಮಾಣದಲ್ಲಿ ಆರಂಭವಾಯಿತು. ಅದರ ಸೇನಾಧಿಕಾರಿ ಜನರಲ್ ಲೆಸ್ಲಿ ಗ್ರೋವ್ಸ್. ಲಾಸ್ ಅಲಾಮೋಸ್ ಪ್ರಯೋಗಾಲಯದ ಮುಖ್ಯಸ್ಥ ರಾಬರ್ಟ್ ಓಪನ್‌ಹೈಮರ್. ಅದೇ ವರ್ಷ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಎನ್ರಿಕೋ ಫರ್ಮಿ ಮೊದಲ ನಿಯಂತ್ರಿತ ಸರಪಳಿ ಕ್ರಿಯೆಯನ್ನು ನಡೆಸಿ ತೋರಿಸಿದರು. ಯೋಜನೆಗೆ ಆದ ಖರ್ಚು ಸುಮಾರು 200 ಕೋಟಿ ಡಾಲರ್. ಲಕ್ಷಕ್ಕೂ ಹೆಚ್ಚು ಜನ ದುಡಿದರು. ತಾವು ಮಾಡುತ್ತಿರುವುದು ಏನೆಂದು ಅವರಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಯುರೇನಿಯಂ ಅದಿರಿನ ದೊಡ್ಡ ಪಾಲು ಬಂದದ್ದು ಆಫ್ರಿಕಾದ ಬೆಲ್ಜಿಯನ್ ಕಾಂಗೋದ ಗಣಿಯಿಂದ. ಅಲ್ಲಿ ಅಗೆದವರಿಗಂತೂ ಅದು ಯಾವುದಕ್ಕೆಂದು ಯಾರೂ ಹೇಳಲಿಲ್ಲ.

ಈಗ ಗಮನವಿಟ್ಟು ಓದಿ. ಬಾಂಬಿನ ಕೆಲಸ ಶುರುವಾದದ್ದು ಹಿಟ್ಲರನ ಭಯದಿಂದ. 1944ರ ಕೊನೆಯ ಹೊತ್ತಿಗೆ ಜರ್ಮನಿಯ ಬಳಿ ಬಾಂಬು ಇಲ್ಲವೆಂಬುದು ತಿಳಿಯಿತು. ಹಾಗಾದರೆ ಕೆಲಸ ನಿಲ್ಲಬೇಕಿತ್ತಲ್ಲವೇ? ನಿಲ್ಲಲಿಲ್ಲ. ಈ ಕಾರಣ ಹೇಳಿ ಕೆಲಸ ಬಿಟ್ಟು ಹೊರಬಂದವರು ಪೋಲೆಂಡ್ ಮೂಲದ ಜೋಸೆಫ್ ರೋಟ್‌ಬ್ಲಾಟ್ ಒಬ್ಬರೇ. ಉಳಿದವರು ಮುಂದುವರಿದರು. ಕೆಲವರಿಗೆ ವಿಜ್ಞಾನದ ಕುತೂಹಲ, ಕೆಲವರಿಗೆ ಯುದ್ಧ ಬೇಗ ಮುಗಿಯಲಿ ಎಂಬ ಆಸೆ, ಕೆಲವರಿಗೆ ಅದು ತಮ್ಮ ಕೆಲಸವಲ್ಲ, ಸರಕಾರದ ಕೆಲಸ ಎಂಬ ಸಮಾಧಾನ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಜೂನ್ 11ರಂದು ಜೇಮ್ಸ್ ಫ್ರಾಂಕ್ ಅವರ ನೇತೃತ್ವದ ವಿಜ್ಞಾನಿಗಳ ಸಮಿತಿ ಒಂದು ವರದಿ ಕೊಟ್ಟಿತು: ಎಚ್ಚರಿಕೆ ಕೊಡದೆ ಜಪಾನಿನ ಮೇಲೆ ಬಾಂಬು ಹಾಕಬೇಡಿ; ಮೊದಲು ಜನವಸತಿ ಇಲ್ಲದ ಸ್ಥಳದಲ್ಲಿ ಸ್ಫೋಟಿಸಿ ಜಗತ್ತಿಗೆ ತೋರಿಸಿ. ಜುಲೈ 16ರಂದು ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಬಾಂಬಿನ ಮೊದಲ ಪರೀಕ್ಷೆ ನಡೆಯಿತು. ಮರುದಿನವೇ ಝಿಲಾರ್ಡ್ ಅಧ್ಯಕ್ಷರಿಗೆ ಬರೆದ ಮನವಿಗೆ ಸುಮಾರು 70 ವಿಜ್ಞಾನಿಗಳ ಸಹಿ ಇತ್ತು. ಬಾಂಬಿನ ಕೆಲಸಕ್ಕೆ ಮೊದಲು ಒತ್ತಾಯಿಸಿದವರೇ ಈಗ ಅದನ್ನು ತಡೆಯಲು ಓಡಾಡುತ್ತಿದ್ದರು. ಆದರೆ ಬಾಂಬು ಅವರ ಕೈ ಬಿಟ್ಟು ಹೋಗಿತ್ತು. ಮನವಿ ಹೊಸ ಅಧ್ಯಕ್ಷ ಟ್ರೂಮನ್ ಅವರ ಕಣ್ಣಿಗೆ ಬೀಳಲೇ ಇಲ್ಲ.

ಆ ಎರಡು ಬೆಳಗುಗಳು

1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಹಿರೋಶಿಮಾ ನಗರದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಯುರೇನಿಯಂ ಬಾಂಬು ಸಿಡಿಯಿತು. ಅದರಲ್ಲಿದ್ದ ಯುರೇನಿಯಂ ಸುಮಾರು 64 ಕಿಲೋ. ನಿಜವಾಗಿ ಒಡೆದದ್ದು ಒಂದು ಕಿಲೋಗಿಂತಲೂ ಕಡಿಮೆ. ಆದರೂ ಅದರ ಬಲ ಸುಮಾರು 15,000 ಟನ್ ಟಿ.ಎನ್.ಟಿ. ಸಿಡಿಮದ್ದಿಗೆ ಸಮ. ನಮ್ಮ ಕಡೆ ಸುಗ್ಗಿಯಲ್ಲಿ ಕಡಲೆ, ಹತ್ತಿ ಹೇರಿಕೊಂಡು ಹೋಗುವ ಹತ್ತು ಟನ್ನಿನ ಲಾರಿಗಳನ್ನು ನೀವು ನೋಡಿದ್ದೀರಿ. ಅಂಥ 1,500 ಲಾರಿಗಳ ತುಂಬ ಸಿಡಿಮದ್ದನ್ನು ಒಂದೇ ಕ್ಷಣದಲ್ಲಿ ಹೊತ್ತಿಸಿದಂತೆ.

ಬಾಂಬು ಸಿಡಿದ ಕೇಂದ್ರದಿಂದ ಒಂದೂವರೆ ಕಿಲೋಮೀಟರಿನ ಆಚೆಯವರೆಗೂ ಬಹುತೇಕ ಎಲ್ಲವೂ ನೆಲಸಮವಾಯಿತು. ಮೊರಬದ ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ಒಂದೂವರೆ ಕಿಲೋಮೀಟರ್ ನಡೆದರೂ ಊರು ಮುಗಿದು ಹೊಲ ಸಿಗುತ್ತದೆ. ಅಂದರೆ ಮಸೀದಿ, ಗುಡಿ, ಶಾಲೆ, ಆಸ್ಪತ್ರೆ, ಮನೆ, ಕೊಟ್ಟಿಗೆ ಯಾವುದೂ ಉಳಿಯುವುದಿಲ್ಲ. ನೀವೇ ಊಹಿಸಿಕೊಳ್ಳಿ.

ಆ ದಿನ ಬೆಳಿಗ್ಗೆ ಹಿರೋಶಿಮಾದ ಬೀದಿಗಳಲ್ಲಿ ಸಾವಿರಾರು ಶಾಲಾ ಮಕ್ಕಳಿದ್ದರು. ಹನ್ನೆರಡು, ಹದಿಮೂರು ವರ್ಷದವರು. ವಿಮಾನ ದಾಳಿಯಿಂದ ಬೆಂಕಿ ಬಿದ್ದರೆ ಹರಡದಿರಲಿ ಎಂದು ಮನೆಗಳನ್ನು ಕೆಡವಿ ಜಾಗ ಖಾಲಿ ಮಾಡುವ ಕೆಲಸಕ್ಕೆ ಅವರನ್ನು ಹಚ್ಚಲಾಗಿತ್ತು. ಅವರಲ್ಲಿ ಸುಮಾರು ಆರು ಸಾವಿರ ಮಕ್ಕಳು ಸತ್ತರು. ಜಪಾನೀಯರು ಬಲವಂತದಿಂದ ದುಡಿಯಲು ತಂದಿದ್ದ ಕೊರಿಯಾದ ಸಾವಿರಾರು ಜನರೂ ಸತ್ತರು. ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರ ಸಂಖ್ಯೆ ಸುಮಾರು 1,40,000.

ಮೂರೇ ದಿನಕ್ಕೆ, ಆಗಸ್ಟ್ 9ರಂದು, ಪ್ಲುಟೋನಿಯಂ ಬಾಂಬು ಹೊತ್ತ ವಿಮಾನ ಕೊಕುರಾ ನಗರದ ಮೇಲೆ ಹಾರಿತು. ಅಲ್ಲಿ ಮೋಡ ಮತ್ತು ಹೊಗೆಯಿಂದ ಗುರಿ ಕಾಣಲಿಲ್ಲ. ವಿಮಾನ ನಾಗಾಸಾಕಿಗೆ ತಿರುಗಿತು. ಅಲ್ಲಿ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 70,000. ಒಂದು ಊರನ್ನು ಮೋಡ ಉಳಿಸಿತು, ಇನ್ನೊಂದು ಊರು ಅದರ ಬದಲಿಗೆ ಸುಟ್ಟಿತು.

ಬದುಕಿ ಉಳಿದವರ ಪಾಡೂ ಸುಲಭವಿರಲಿಲ್ಲ. ಹಿರೋಶಿಮಾದ ಸದಾಕೋ ಸಸಾಕಿ ಆಗ ಎರಡು ವರ್ಷದ ಮಗು. ಹೊರಗೆ ಗಾಯವೇ ಇರಲಿಲ್ಲ. ಹತ್ತು ವರ್ಷದ ನಂತರ, 1955ರಲ್ಲಿ, ರಕ್ತದ ಕ್ಯಾನ್ಸರಿನಿಂದ ಆ ಬಾಲಕಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮಲಗಿ ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದ ಅವಳ ಹೆಸರು ಇಂದಿಗೂ ಶಾಂತಿಯ ಗುರುತಾಗಿ ಉಳಿದಿದೆ.

ಸರಿಯೋ ತಪ್ಪೋ?

ಈ ಚರ್ಚೆಯಲ್ಲಿ ಎರಡೂ ಪಕ್ಷಗಳ ಮಾತನ್ನು ಕೇಳುವುದು ನ್ಯಾಯ. ಬಾಂಬನ್ನು ಸಮರ್ಥಿಸುವವರು ಹೇಳುವುದೇನು? ಜಪಾನಿನ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ ಅತ್ಯಾಚಾರಗಳು ಸಣ್ಣವಲ್ಲ. ಓಕಿನಾವಾ ದ್ವೀಪ ಒಂದನ್ನು ಗೆಲ್ಲುವಾಗಲೇ 12,000ಕ್ಕೂ ಹೆಚ್ಚು ಅಮೆರಿಕನ್ನರೂ ಅದರ ಅನೇಕ ಪಟ್ಟು ಜಪಾನೀಯರೂ ಸತ್ತಿದ್ದರು. ಜಪಾನಿನ ಮುಖ್ಯ ಭೂಮಿಗೆ ಇಳಿದಿದ್ದರೆ ಲಕ್ಷಾಂತರ ಜನ ಸಾಯುತ್ತಿದ್ದರು. ಬಾಂಬು ಯುದ್ಧವನ್ನು ಬೇಗ ಮುಗಿಸಿತು. ಅಮೆರಿಕದ ಯುದ್ಧಮಂತ್ರಿಯಾಗಿದ್ದ ಹೆನ್ರಿ ಸ್ಟಿಮ್ಸನ್ 1947ರಲ್ಲಿ ಇದೇ ವಾದವನ್ನು ವಿವರವಾಗಿ ಬರೆದರು. ಇದೇ ಸ್ಟಿಮ್ಸನ್ ಜಪಾನಿನ ಪುರಾತನ ನಗರ ಕ್ಯೋಟೋವನ್ನು ಗುರಿಗಳ ಪಟ್ಟಿಯಿಂದ ತೆಗೆಸಿದ್ದರು ಎಂಬುದನ್ನೂ ನೆನಪಿಡಿ.

ವಿರೋಧಿಸುವವರ ವಾದ ಹೀಗಿದೆ. ಜಪಾನ್ ಆಗಲೇ ಸೋತು ಸುಣ್ಣವಾಗಿತ್ತು. ಅದರ ಹಡಗುಗಳು ಮುಳುಗಿದ್ದವು, ನಗರಗಳು ಸುಟ್ಟಿದ್ದವು. ಆಗಸ್ಟ್ 8ರಂದು ಸೋವಿಯತ್ ಒಕ್ಕೂಟವೂ ಅದರ ಮೇಲೆ ಯುದ್ಧ ಸಾರಿತು. ಖಾಲಿ ಜಾಗದಲ್ಲಿ ಸಿಡಿಸಿ ತೋರಿಸುವ ದಾರಿಯನ್ನು ಯಾಕೆ ನೋಡಲಿಲ್ಲ? ಮೊದಲ ಬಾಂಬಿನ ಪರಿಣಾಮವನ್ನು ಜಪಾನ್ ಸರಿಯಾಗಿ ತಿಳಿಯುವ ಮೊದಲೇ ಎರಡನೆಯದನ್ನು ಯಾಕೆ ಹಾಕಿದರು? ಅಮೆರಿಕದ ಸೇನಾನಾಯಕರೇ ಆದ ಅಡ್ಮಿರಲ್ ಲೇಹಿ ಮತ್ತು ಜನರಲ್ ಐಸೆನ್‌ಹೋವರ್ ಬಾಂಬಿನ ಅಗತ್ಯವಿರಲಿಲ್ಲವೆಂದು ನಂತರ ಬರೆದರು. ಟೋಕಿಯೋ ಯುದ್ಧಾಪರಾಧ ನ್ಯಾಯಾಲಯದಲ್ಲಿದ್ದ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ 1948ರ ತಮ್ಮ ಭಿನ್ನ ತೀರ್ಪಿನಲ್ಲಿ ಗೆದ್ದವರ ಈ ಕೃತ್ಯವನ್ನೂ ಪ್ರಶ್ನಿಸಿದರು. ಗಾಂಧೀಜಿ 1946ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಬರೆಯುತ್ತ, ಬಾಂಬು ಬಿದ್ದ ದೇಶದ ಗತಿ ಕಂಡಿತು, ಬಾಂಬು ಹಾಕಿದ ದೇಶದ ಆತ್ಮಕ್ಕೆ ಏನಾಯಿತೆಂಬುದು ಮುಂದೆ ಕಾಣಬೇಕು ಎಂಬ ಅರ್ಥದ ಮಾತು ಹೇಳಿದರು.

ಯುದ್ಧಕ್ಕೂ ಒಂದು ಮೇರೆ ಇರಬೇಕೆಂಬುದು ಹೊಸ ಮಾತಲ್ಲ. ಖಲೀಫಾ ಹಜರತ್ ಅಬೂಬಕರ್ ಅವರು ಸೈನ್ಯವನ್ನು ಕಳಿಸುವಾಗ ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬಾರದು, ಫಲ ಕೊಡುವ ಮರಗಳನ್ನು ಕಡಿಯಬಾರದು ಎಂದು ಕಟ್ಟಪ್ಪಣೆ ಮಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ದೇಶದ ಧರ್ಮಯುದ್ಧದ ಕಲ್ಪನೆಯಲ್ಲೂ ಆಯುಧವಿಲ್ಲದವನನ್ನು ಹೊಡೆಯುವಂತಿಲ್ಲ. ಅಣುಬಾಂಬಿಗೆ ಈ ಭೇದ ತಿಳಿಯದು. ಅದು ಸೈನಿಕ ಯಾರು, ತೊಟ್ಟಿಲ ಕೂಸು ಯಾವುದು ಎಂದು ನೋಡಲಾರದು. 1996ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೂ ಅಣ್ವಸ್ತ್ರಗಳ ಬಳಕೆ ಸಾಮಾನ್ಯವಾಗಿ ಯುದ್ಧ ನಿಯಮಗಳಿಗೆ ವಿರುದ್ಧವೆಂದು ಅಭಿಪ್ರಾಯಪಟ್ಟಿತು. ಆದರೆ ಒಂದು ದೇಶದ ಅಸ್ತಿತ್ವಕ್ಕೇ ಕುತ್ತು ಬಂದಾಗ ಏನು ಎಂಬುದಕ್ಕೆ ಖಚಿತ ಉತ್ತರ ಕೊಡಲು ಅದಕ್ಕೂ ಆಗಲಿಲ್ಲ.

ಬೆಂಗಳೂರಿನಿಂದ ಪೋಖರಣ್‌ಗೆ

ಈಗ ನಮ್ಮ ನಾಡಿಗೆ ಬರೋಣ. 1939ರಲ್ಲಿ ಇಂಗ್ಲೆಂಡಿನಿಂದ ರಜೆಗೆ ಬಂದ ಹೋಮಿ ಭಾಭಾ ಯುದ್ಧ ಶುರುವಾದ್ದರಿಂದ ಮರಳಿ ಹೋಗಲಿಲ್ಲ. ಸರ್ ಸಿ. ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಭಾರತದ ಅಣುವಿಜ್ಞಾನಕ್ಕೆ ತೊಟ್ಟಿಲಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದದ್ದು ಅಲ್ಲಿಯೇ, 1945ರ ಜೂನ್ 1ರಂದು. ಅಂದರೆ ಹಿರೋಶಿಮಾಕ್ಕೆ ಬರೀ ಎರಡು ತಿಂಗಳ ಮೊದಲು. ಅದೇ ವರ್ಷ ಅದು ಮುಂಬಯಿಗೆ ಹೋಯಿತು. 1949ರಲ್ಲಿ ಲಂಡನ್ನಿನಲ್ಲಿ ಓದು ಮುಗಿಸಿ ಬಂದ ತರುಣ ರಾಜಾ ರಾಮಣ್ಣ ಆ ಸಂಸ್ಥೆಯನ್ನು ಸೇರಿದರು. ಅವರು ಪಿಯಾನೋ ನುಡಿಸುವುದರಲ್ಲಿಯೂ ನಿಪುಣರು.

1954ರಲ್ಲಿ ಪ್ರಧಾನಿ ನೆಹರೂ ಅವರು ಅಣ್ವಸ್ತ್ರ ಪರೀಕ್ಷೆಗಳನ್ನು ಎಲ್ಲ ದೇಶಗಳೂ ನಿಲ್ಲಿಸಬೇಕೆಂದು ಕರೆಕೊಟ್ಟಿದ್ದರು. ಆದರೆ 1962ರಲ್ಲಿ ಚೀನಾದೊಡನೆ ಯುದ್ಧವಾಯಿತು. 1964ರಲ್ಲಿ ಚೀನಾ ಅಣುಬಾಂಬು ಸಿಡಿಸಿತು. ಆಗಲೇ ಬಾಂಬು ಇಟ್ಟುಕೊಂಡ ಐದು ದೇಶಗಳನ್ನು ಬಿಟ್ಟು ಉಳಿದವರಿಗೆ ಮಾತ್ರ ಬೇಡವೆಂಬ ಒಪ್ಪಂದ 1968ರಲ್ಲಿ ಸಹಿಗೆ ಬಂತು. ಭಾರತ ಸಹಿ ಮಾಡಲಿಲ್ಲ. ಈ ಹಿನ್ನೆಲೆಯಲ್ಲಿ ರಾಮಣ್ಣನವರ ತಂಡ ಕೆಲಸ ಮಾಡಿತು. ಅದು ಅತಿ ಗುಟ್ಟಿನ ಕೆಲಸ. ಸಂಸತ್ತಿಗೂ ಜನತೆಗೂ ಗೊತ್ತಾದದ್ದು ಸ್ಫೋಟದ ನಂತರ.

ಸರಕಾರ ಅದನ್ನು ಶಾಂತಿಯುತ ಅಣುಸ್ಫೋಟ ಎಂದು ಕರೆಯಿತು. ಅದಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು, ಶಾಂತಿಯ ಉದ್ದೇಶಕ್ಕೆಂದು ಕೆನಡಾ ಕೊಟ್ಟ ಸೈರಸ್ ರಿಯಾಕ್ಟರಿನಿಂದ. ಕೆನಡಾ ಸಿಟ್ಟಾಗಿ ಅಣು ಸಹಕಾರ ನಿಲ್ಲಿಸಿತು. 1997ರಲ್ಲಿ ರಾಮಣ್ಣನವರೇ ಬಹಿರಂಗವಾಗಿ ಹೇಳಿದರು: 1974ರದ್ದು ಬಾಂಬೇ ಆಗಿತ್ತು. ಇದನ್ನು ಅವರ ಪ್ರಾಮಾಣಿಕತೆ ಎನ್ನಬಹುದು. ಆದರೆ ಇಪ್ಪತ್ತಮೂರು ವರ್ಷ ನಾವು ಬೇರೆ ಹೆಸರಿನಿಂದ ಕರೆದೆವು ಎಂಬುದೂ ಸತ್ಯ. ವಸ್ತುವಿನ ಹೆಸರು ಮೆತ್ತಗಾದರೆ ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಮೆತ್ತಗಾಗುತ್ತದೆ. 1998ರ ಮೇ 11 ಮತ್ತು 13ರಂದು ಭಾರತ ಪೋಖರಣ್‌ನಲ್ಲಿ ಐದು ಸ್ಫೋಟ ನಡೆಸಿತು. ಆಗ ಮುಂದೆ ನಿಂತವರು ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಡಾ. ಆರ್. ಚಿದಂಬರಂ. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನವೂ ಸಿಡಿಸಿತು. ಎರಡೂ ಕಡೆ ಬೀದಿಯಲ್ಲಿ ಸಿಹಿ ಹಂಚಿದರು.

ಅದೇ ವರ್ಷ, ಇನ್ನೊಂದು ದಾರಿ

1974ರ ಇನ್ನೊಬ್ಬ ವಿಜ್ಞಾನಿ ಯಾರು? ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ, 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ. ದೊಡ್ಡ ಪ್ರಯೋಗಾಲಯದ ವಿದ್ಯೆ ಹಳ್ಳಿಗೆ ಯಾಕೆ ತಲುಪುತ್ತಿಲ್ಲ ಎಂದು ಕೇಳಿ, ಆ ವರ್ಷ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಹೆಸರು ಅಸ್ತ್ರ, ಕೆಲಸ ಮಾತ್ರ ಗ್ರಾಮೀಣ ಜನರಿಗಾಗಿ ವಿಜ್ಞಾನ ಬಳಸುವುದು. ಅವರು ಹೋದದ್ದು ರಾಮಣ್ಣನವರ ತವರು ಜಿಲ್ಲೆ ತುಮಕೂರಿಗೇ, ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮಕ್ಕೆ. ಕಡಿಮೆ ಕಟ್ಟಿಗೆಯಲ್ಲಿ ಅಡಿಗೆಯಾಗುವ, ಹೊಗೆ ಕೊಳವೆಯಿಂದ ಹೊರಗೆ ಹೋಗುವ ಅಸ್ತ್ರ ಒಲೆ ಅಲ್ಲಿಂದ ಬಂತು. ಪಕ್ಕದ ಪುರ ಗ್ರಾಮದಲ್ಲಿ ಊರ ದನಗಳ ಸಗಣಿಯಿಂದ ಗ್ಯಾಸ್ ಮಾಡಿ, ಅದರಿಂದ ದೀಪ ಹಚ್ಚಿ ಕುಡಿಯುವ ನೀರು ಎತ್ತಿದರು. ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ರೊಟ್ಟಿ ಬಡಿದ ನಮ್ಮ ತಾಯಂದಿರನ್ನು ನೆನೆದರೆ ಇದು ಎಷ್ಟು ದೊಡ್ಡ ವಿಜ್ಞಾನ ಎಂಬುದು ತಿಳಿಯುತ್ತದೆ. 1998ರ ನಂತರ ರೆಡ್ಡಿಯವರು ಅಣ್ವಸ್ತ್ರ ಅನೈತಿಕವೆಂದು ನಿರ್ಭಯವಾಗಿ ಬರೆದರು, ಮಾತನಾಡಿದರು. ರಾಮಣ್ಣ 2004ರಲ್ಲಿ, ರೆಡ್ಡಿ 2006ರಲ್ಲಿ ತೀರಿಕೊಂಡರು.

ಒಬ್ಬರನ್ನು ದೇವರು ಮಾಡಿ ಇನ್ನೊಬ್ಬರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಇಬ್ಬರೂ ದೇಶವನ್ನು ಪ್ರೀತಿಸಿದವರೇ. ನೆರೆಯಲ್ಲಿ ಬಾಂಬು ಇರುವಾಗ ಕೈಕಟ್ಟಿ ಕೂಡ್ರಬೇಕೇ ಎಂಬ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಅಣುವಿದ್ಯೆಯೆಲ್ಲ ಕೆಟ್ಟದ್ದೆಂದೂ ಅಲ್ಲ. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣ ಚಿಕಿತ್ಸೆ ಇದೇ ವಿದ್ಯೆಯ ಕೊಡುಗೆ. ನಮ್ಮ ಪಕ್ಕದ ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ ಕೈಗಾದ ನಾಲ್ಕು ಘಟಕಗಳು ತಲಾ 220 ಮೆಗಾವಾಟ್ ವಿದ್ಯುತ್ತಿನ ಸಾಮರ್ಥ್ಯದವು. ಆದರೆ ಅಲ್ಲಿಯೂ ಪ್ರಶ್ನೆ ಕೇಳಿದವರಿದ್ದರು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರೋಧಿ ಹೋರಾಟದ ಮುಂದೆ ನಿಂತರು. 1989ರಲ್ಲಿ ಪರಿಸರದ ಪ್ರಶ್ನೆ ಹಿಡಿದು ಲೋಕಸಭಾ ಚುನಾವಣೆಗೂ ನಿಂತರು. 1994ರ ಮೇ ತಿಂಗಳಲ್ಲಿ, ಇಂಧನ ತುಂಬುವ ಮೊದಲೇ, ಕಟ್ಟುತ್ತಿದ್ದ ಒಂದು ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ಆಮೇಲೆ ವಿನ್ಯಾಸ ತಿದ್ದಿ ಕಟ್ಟಿದರು. ಪ್ರಶ್ನೆ ಕೇಳುವವನು ವಿಜ್ಞಾನದ ಶತ್ರುವಲ್ಲ, ಅದರ ಕಾವಲುಗಾರ ಎಂಬುದು ಇದರಿಂದ ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಇಂದಿಗೂ ಜಗತ್ತಿನ ಒಂಬತ್ತು ದೇಶಗಳ ಬಳಿ ಒಟ್ಟು ಸುಮಾರು 12,000 ಅಣ್ವಸ್ತ್ರಗಳಿವೆ. ಅವುಗಳಲ್ಲಿ ಬಹಳಷ್ಟು ಹಿರೋಶಿಮಾದ ಬಾಂಬಿಗಿಂತ ಎಷ್ಟೋ ಪಟ್ಟು ಬಲವಾದವು. ಅಣ್ವಸ್ತ್ರಗಳನ್ನು ನಿಷೇಧಿಸುವ ವಿಶ್ವಸಂಸ್ಥೆಯ ಒಪ್ಪಂದ 2021ರಲ್ಲಿ ಜಾರಿಗೆ ಬಂದರೂ ಆ ಒಂಬತ್ತರಲ್ಲಿ ಒಂದು ದೇಶವೂ ಅದಕ್ಕೆ ಸೇರಿಲ್ಲ. ನಮ್ಮ ದೇಶವೂ ಸೇರಿಲ್ಲ. 2024ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದದ್ದು ಹಿರೋಶಿಮಾ ನಾಗಾಸಾಕಿಯಲ್ಲಿ ಬದುಕಿ ಉಳಿದವರ ಸಂಘ, ನಿಹೋನ್ ಹಿದಾಂಕ್ಯೋ. ಆ ವೃದ್ಧರು ಎಪ್ಪತ್ತು ವರ್ಷಗಳಿಂದ ಹೇಳುತ್ತಿರುವುದು ಒಂದೇ: ನಮಗಾದದ್ದು ಇನ್ನಾರಿಗೂ ಆಗದಿರಲಿ.

ನಿಮ್ಮಲ್ಲಿ ಯಾರಾದರೂ ನಾಳೆ ಭೌತವಿಜ್ಞಾನಿ ಆಗಬಹುದು, ಕಂಪ್ಯೂಟರ್ ಎಂಜಿನಿಯರ್ ಆಗಬಹುದು, ಔಷಧಿ ಕಂಪನಿ ಸೇರಬಹುದು. ಝಿಲಾರ್ಡ್ ಬುದ್ಧಿವಂತರಾಗಿದ್ದರು, ಒಳ್ಳೆಯವರೂ ಆಗಿದ್ದರು. ಆದರೆ ಅವರು ತಡೆಯಲು ಹೊರಟಾಗ ಬಾಂಬು ಸಿದ್ಧವಾಗಿತ್ತು. ರೋಟ್‌ಬ್ಲಾಟ್ ಕೆಲಸದ ನಡುವೆಯೇ ಕೇಳಿದರು, ಹೊರಬಂದರು. ಜೀವನವನ್ನೆಲ್ಲ ಶಾಂತಿಗಾಗಿ ದುಡಿದು 1995ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದರು. ಅಮೂಲ್ಯ ರೆಡ್ಡಿ ಕೆಲಸ ಆರಂಭಿಸುವಾಗಲೇ ಕೇಳಿದರು.

ಹಾಗಾಗಿ ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ಪುಸ್ತಕ ತೆರೆಯುವಾಗಲೇ ಈ ಮೂರು ಪ್ರಶ್ನೆಗಳನ್ನು ಜೊತೆಗೆ ಇಟ್ಟುಕೊಳ್ಳಿ: ಇದು ಯಾರಿಗಾಗಿ? ಇದು ಯಾರ ಮೇಲೆ ಬೀಳುತ್ತದೆ? ಇದನ್ನು ತೀರ್ಮಾನಿಸುವವರು ಯಾರು? ಪರೀಕ್ಷೆಯಲ್ಲಿ ಇವಕ್ಕೆ ಅಂಕವಿಲ್ಲ. ಆದರೂ ಕೇಳುವುದನ್ನು ಬಿಡಬೇಡಿ.